ಎಥನಾಲ್ ಟ್ಯಾಂಕಿನ ಮೇಲೆ ಯಾವ ಟ್ರಾನ್ಸ್‌ಮಿಟರ್ ಕೂರಿಸಬೇಕು?

ಇಂಡಸ್ಟ್ರಿಯಲ್ ವಿಸಿಟ್ ಅಂತ ರಿಫೈನರಿಗೋ ಡಿಸ್ಟಿಲರಿಗೋ ಹೋದವರಿಗೆ ಗೊತ್ತು, ಗೇಟಿನಲ್ಲೇ ಫೋನ್ ಇಸ್ಕೊಂಡು ಟೋಕನ್ ಕೊಟ್ಟುಬಿಡ್ತಾರೆ. ಫೋಟೊ ತೆಗೀಬಾರದು ಅಂತ ಇರಬೇಕು ಅಂದ್ಕೊಂಡು ನಾವೂ ಸುಮ್ಮನೆ ಕೊಡ್ತೀವಿ. ಅದೂ ಒಂದು ಕಾರಣ ಇರಬಹುದು. ಆದರೆ ನಿಜವಾದ ಕಾರಣ ಬೇರೆ: ಸುಡುವ ಆವಿ ಇರುವ ಜಾಗಕ್ಕೆ ಅಂತಲೇ ಮಾಡದ ಯಾವ ಎಲೆಕ್ಟ್ರಾನಿಕ್ ಸಾಧನವನ್ನೂ ಅಲ್ಲಿ ನಂಬುವ ಹಾಗಿಲ್ಲ. ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗಿ ಇನ್‌ಸ್ಟ್ರುಮೆಂಟೇಶನ್ ಕೆಲಸಕ್ಕೆ ಸೇರಿದ ಮೇಲೆ, ಆ ಸಾಧನವನ್ನು ಆರಿಸಿ ಸಹಿ ಹಾಕೋರು ನಾವೇ ಆಗಿರ್ತೀವಿ.

ಸಹಿ ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ದೂರ ಹೋಗಬೇಕಿಲ್ಲ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದ ತೈಲ ಡಿಪೋದಲ್ಲಿ ಪೆಟ್ರೋಲ್ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿತು. ಆವಿಯ ಮೋಡ ಡಿಪೋ ತುಂಬಾ ಹರಡಿ, ಕೊನೆಗೆ ಸ್ಫೋಟಿಸಿತು. 11 ಜನ ಸತ್ತರು. ತನಿಖಾ ಸಮಿತಿ ಕಿಡಿಯ ಮೂಲಕ್ಕೆ ಎರಡು ಸಾಧ್ಯತೆ ಹೇಳಿತು: ಆಡಳಿತ ಕಟ್ಟಡದಲ್ಲಿದ್ದ ಫ್ಲೇಮ್‌ಪ್ರೂಫ್ ಅಲ್ಲದ ವಿದ್ಯುತ್ ಸಾಧನ, ಇಲ್ಲವೇ ಒಂದು ವಾಹನವನ್ನು ಸ್ಟಾರ್ಟ್ ಮಾಡಿದಾಗ ಬಂದ ಕಿಡಿ. ಮೂಲ ತಪ್ಪು ಸೋರಿಕೆಯದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಸೋರಿದ ಮೇಲೆ ಉಳಿಯುವ ಕೊನೆಯ ತಡೆ, ಕಿಡಿ ಇಲ್ಲದಿರುವುದು.

ಈಗ ನಮ್ಮ ಕಡೆಗೇ ಬರೋಣ. ಬೆಳಗಾವಿ, ಬಾಗಲಕೋಟೆ ಕಡೆಯ ಹಲವು ಸಕ್ಕರೆ ಕಾರ್ಖಾನೆಗಳಿಗೆ ಅಂಟಿಕೊಂಡೇ ಡಿಸ್ಟಿಲರಿ ಇದೆ, ಎಥನಾಲ್ ಟ್ಯಾಂಕ್‌ಗಳಿವೆ. ಅಂಥ ಒಂದು ಟ್ಯಾಂಕಿನ ನೆತ್ತಿಯ ಮೇಲೆ ಲೆವೆಲ್ ಟ್ರಾನ್ಸ್‌ಮಿಟರ್ ಕೂರಿಸಬೇಕು ಅಂದ್ಕೊಳ್ಳಿ. ಕ್ಯಾಟಲಾಗ್ ತೆಗೆಯೋ ಮುಂಚೆ ಒಂದು ಸಣ್ಣ ಲೆಕ್ಕ ಮಾಡಿ. ಎಥನಾಲ್ ಆವಿ ಗಾಳಿಯಲ್ಲಿ ಸುಮಾರು ಶೇ 3.3ರಿಂದ 19ರವರೆಗೆ ಇದ್ದರೆ ಹೊತ್ತಿಕೊಳ್ಳುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಆವಿಯ ಒತ್ತಡ ಸುಮಾರು 5.9 ಕಿಲೋಪಾಸ್ಕಲ್, ವಾತಾವರಣದ ಒತ್ತಡ 101. ಭಾಗಿಸಿದರೆ ಹತ್ತಿರ ಹತ್ತಿರ ಶೇ 6. 40 ಡಿಗ್ರಿಗೆ ಹೋದರೂ ಶೇ 18ರ ಆಸುಪಾಸು. ಅಂದ್ರೆ ನಮ್ಮೂರಿನ ಚಳಿಗಾಲದಿಂದ ಬೇಸಿಗೆಯವರೆಗೂ ಟ್ಯಾಂಕಿನ ಒಳಗಿನ ಖಾಲಿ ಜಾಗ ಹೆಚ್ಚುಕಮ್ಮಿ ಸದಾ ಸ್ಫೋಟಕ ಮಿಶ್ರಣವೇ! ಪೆಟ್ರೋಲ್ ಟ್ಯಾಂಕಿನಲ್ಲಿ ಆವಿ ಸಾಮಾನ್ಯವಾಗಿ ಅತಿಯಾಗಿ ದಟ್ಟವಾಗಿದ್ದು, ಗಾಳಿ ಸಾಲದೆ ಒಳಗೆ ಹೊತ್ತಿಕೊಳ್ಳುವುದಿಲ್ಲ. ‘ಪೆಟ್ರೋಲಿಗಿಂತ ಸ್ಪಿರಿಟ್ ಸಾಧು’ ಅನ್ನೋ ಮಾತು ಟ್ಯಾಂಕಿನೊಳಗೆ ತಲೆಕೆಳಗಾಗುತ್ತದೆ.

ಆದ್ದರಿಂದ ಆ ಒಳಜಾಗ ಜೋನ್ 0, ಅಂದರೆ ಸುಡುವ ಮಿಶ್ರಣ ಸದಾ ಅಥವಾ ದೀರ್ಘಕಾಲ ಇರುವ ಸ್ಥಳ. ವೆಂಟ್ ಸುತ್ತಮುತ್ತ, ಮಾಮೂಲಿ ಕೆಲಸದ ನಡುವೆಯೇ ಆಗಾಗ ಆವಿ ಬರಬಹುದಾದದ್ದು ಜೋನ್ 1. ಏನಾದರೂ ಕೆಟ್ಟರೆ ಮಾತ್ರ, ಸ್ವಲ್ಪ ಹೊತ್ತು ಬರುವಂಥದ್ದು ಜೋನ್ 2. ಧೂಳಿಗೆ ಇದೇ ರೀತಿ 20, 21, 22 ಇವೆ. ಸಕ್ಕರೆ ಪುಡಿಯೂ ಸ್ಫೋಟಿಸುತ್ತದೆ, ಅದು ಇನ್ನೊಂದು ಲೇಖನದ ಮಾತು. ಜೋನ್ ಗೆರೆ ಎಳೆಯೋದು ನಮ್ಮ ಅಂದಾಜಿನಿಂದಲ್ಲ. ಪ್ಲಾಂಟ್‌ನ ಏರಿಯಾ ಕ್ಲಾಸಿಫಿಕೇಶನ್ ಡ್ರಾಯಿಂಗ್ ಕೇಳಿ ತಗೊಳ್ಳಿ. ಭಾರತದಲ್ಲಿ ಅದಕ್ಕೆ ಐಎಸ್ 5572 ಅನ್ನೋ ಮಾನಕ ಇದೆ. ಡ್ರಾಯಿಂಗ್ ಇಲ್ಲ ಅಂದರೆ ಆರ್ಡರ್ ಹಾಕಬೇಡಿ. ಎಥನಾಲ್ ಆವಿ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಹಾಗಾಗಿ ಡ್ರಾಯಿಂಗ್ ನೋಡುವಾಗ ಕೇಬಲ್ ಟ್ರೆಂಚು, ಗುಂಡಿಗಳ ಕಡೆಗೂ ಕಣ್ಣಿರಲಿ.

ಮುಂದಿನದು ಗ್ಯಾಸ್ ಗ್ರೂಪ್. ನೇಮ್‌ಪ್ಲೇಟಿನಲ್ಲಿ ರೋಮನ್ ಅಂಕಿಯಲ್ಲಿರುತ್ತೆ, ನಾನಿಲ್ಲಿ 2ಎ, 2ಬಿ, 2ಸಿ ಅಂತ ಬರೀತೀನಿ. ಇದರ ಹಿಂದಿನ ಪ್ರಯೋಗ ಚೆನ್ನಾಗಿದೆ. ಎರಡು ಲೋಹದ ಮುಖಗಳ ನಡುವೆ ಸಣ್ಣ ಸಂದು ಬಿಟ್ಟು ಒಳಗೆ ಮಿಶ್ರಣವನ್ನು ಸ್ಫೋಟಿಸಿ, ಹೊರಗಿನ ಮಿಶ್ರಣ ಹೊತ್ತಿಕೊಳ್ಳದ ಹಾಗೆ ಎಷ್ಟು ಸಂದು ಬಿಡಬಹುದು ಅಂತ ಅಳೀತಾರೆ. 0.9 ಮಿಲಿಮೀಟರಿಗಿಂತ ಹೆಚ್ಚಾದರೆ 2ಎ, 0.5ರಿಂದ 0.9ರವರೆಗೆ 2ಬಿ, ಅದಕ್ಕಿಂತ ಕಡಿಮೆ 2ಸಿ. ಪ್ರೊಪೇನ್ 0.92, ಹೈಡ್ರೋಜನ್ ಬರೀ 0.29. ನಮ್ಮ ಎಥನಾಲ್ 0.89, ಗೆರೆಯ ಅಂಚಿನಲ್ಲೇ ಕೂತಿದೆ. ಆದರೂ 2ಬಿ ಅಂದರೆ 2ಬಿ. ಅಂಚಿನಲ್ಲಿರೋದನ್ನ ಅಗ್ಗದ ಕಡೆಗೆ ತಳ್ಳೋ ಅಭ್ಯಾಸ ಒಳ್ಳೇದಲ್ಲ.

ತಾಪಮಾನದ ವರ್ಗ ಸುಲಭ. ಸಾಧನದ ಬಿಸಿ ಮೈ ಎಷ್ಟರವರೆಗೆ ಹೋಗಬಹುದು ಅನ್ನೋದು: ಟಿ1 ಅಂದರೆ 450 ಡಿಗ್ರಿ, ಟಿ2 300, ಟಿ3 200, ಟಿ4 135, ಟಿ5 100, ಟಿ6 85. ಎಥನಾಲ್ ಕಿಡಿಯಿಲ್ಲದೆ ತಾನೇ ಹೊತ್ತಿಕೊಳ್ಳಲು 360 ಡಿಗ್ರಿಗೂ ಹೆಚ್ಚು ಬೇಕು, ಟಿ2 ಸಾಕು. ಮಾರುಕಟ್ಟೆಯಲ್ಲಿ ಟ್ರಾನ್ಸ್‌ಮಿಟರ್‌ಗಳು ಹೆಚ್ಚಾಗಿ ಟಿ4ನಲ್ಲೇ ಸಿಗ್ತವೆ, ತೊಂದರೆಯಿಲ್ಲ. ಆದರೆ ಇಲ್ಲೊಂದು ಗುಂಡಿ ಇದೆ. ನೇಮ್‌ಪ್ಲೇಟಿನಲ್ಲಿ ಬೇರೇನೂ ಬರೆದಿಲ್ಲದಿದ್ದರೆ ಆ ಪ್ರಮಾಣಪತ್ರ ಅನ್ವಯಿಸೋದು ಸುತ್ತಲಿನ ತಾಪಮಾನ ಮೈನಸ್ 20ರಿಂದ 40 ಡಿಗ್ರಿಯೊಳಗೆ ಇದ್ದರೆ ಮಾತ್ರ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತೆ, ಬಿಸಿಲಿಗೆ ಕಾದ ಟ್ಯಾಂಕಿನ ನೆತ್ತಿ ಕೇಳೋದೇ ಬೇಡ. ತಂಪು ದೇಶದ ಕ್ಯಾಟಲಾಗ್ ನೋಡಿ ಆರಿಸುವಾಗ ಇದು ಸುಲಭವಾಗಿ ತಪ್ಪಿಹೋಗುತ್ತೆ. 60 ಡಿಗ್ರಿವರೆಗೆ ಅಂತ ಬರೆದದ್ದನ್ನೇ ಕೇಳಿ.

ಈಗ ರಕ್ಷಣೆಯ ವಿಧಾನ. ಫ್ಲೇಮ್‌ಪ್ರೂಫ್, ಅಂದರೆ ಎಕ್ಸ್ ಡಿ ಪೆಟ್ಟಿಗೆ, ಆವಿ ಒಳಗೆ ಬರೋದನ್ನ ತಡೆಯೋದಿಲ್ಲ. ಒಳಗೆ ಸ್ಫೋಟ ಆಗಲಿ, ಗಟ್ಟಿ ಪೆಟ್ಟಿಗೆ ಅದನ್ನ ತಡ್ಕೊಳ್ಳುತ್ತೆ, ಸಂದಿನಲ್ಲಿ ಹೊರಬರುವ ಜ್ವಾಲೆ ದಾರಿಯಲ್ಲೇ ತಣಿಯುತ್ತೆ ಅನ್ನೋದು ಅದರ ತತ್ವ. ಆದ್ದರಿಂದಲೇ ಒಂದು ಬೋಲ್ಟ್ ಕಾಣೆಯಾದರೆ, ಯಾರೋ ಇನ್ನೊಂದು ಕೇಬಲ್‌ಗೆ ಅಂತ ತೂತು ಕೊರೆದರೆ ಅದು ಬರೀ ಭಾರದ ಡಬ್ಬ. ಸಾಮಾನ್ಯ ಎಕ್ಸ್ ಡಿ ಜೋನ್ 1ಕ್ಕೆ ಸರಿ, ಜೋನ್ 0ಗೆ ಆಗೋದಿಲ್ಲ. ಐಪಿ 67 ಅನ್ನೋದಂತೂ ನೀರು, ಧೂಳಿನ ಲೆಕ್ಕ, ಸ್ಫೋಟಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ದಾರಿ ಇಂಟ್ರಿನ್ಸಿಕ್ ಸೇಫ್ಟಿ. ಕಿಡಿ ಬಂದರೂ ಹೊತ್ತಿಸುವಷ್ಟು ಶಕ್ತಿಯೇ ಸರ್ಕ್ಯೂಟಿನಲ್ಲಿ ಇರಬಾರದು. ಇದರ ಹುಟ್ಟು ಕಲ್ಲಿದ್ದಲ ಗಣಿಯಲ್ಲಿ. 1913ರ ಅಕ್ಟೋಬರ್ 14ರಂದು ವೇಲ್ಸ್‌ನ ಸೆಂಘೆನಿತ್ ಗಣಿ ಸ್ಫೋಟದಲ್ಲಿ 439 ಗಣಿಗರು ಸತ್ತರು. ಕಾರಣ ಖಚಿತವಾಗಿ ಸಾಬೀತಾಗಲಿಲ್ಲ. ಆದರೆ ಬ್ಯಾಟರಿಯಿಂದ ನಡೆಯುವ ಸಿಗ್ನಲ್ ಗಂಟೆಯ ಬರಿತಂತಿಗಳ ಮೇಲೆ ಅನುಮಾನ ಬಿತ್ತು. ಕೆಲವೇ ವೋಲ್ಟಿನ ಬ್ಯಾಟರಿ ಏನು ಮಾಡೀತು ಅನ್ನಿಸುತ್ತೆ. ಆದರೆ ಗಂಟೆಯೊಳಗೆ ಕಾಯಿಲ್ ಇದೆ. ತಂತಿ ಬಿಡಿಸಿದ ಕ್ಷಣ ಅದರಲ್ಲಿ ಕೂಡಿಟ್ಟ ಶಕ್ತಿ ಕಿಡಿಯಾಗಿ ಹೊರಬರುತ್ತೆ. ಮೊದಲ ವರ್ಷದಲ್ಲೇ ಓದಿದ ಅರ್ಧ ಎಲ್ ಐ ಸ್ಕ್ವೇರ್. ವೀಲರ್, ಥಾರ್ನ್‌ಟನ್ ಎಂಬವರು ಅದರ ಮೇಲೆ ಮಾಡಿದ ಪ್ರಯೋಗಗಳಿಂದ ಈ ವಿದ್ಯೆ ಬೆಳೆಯಿತು.

ಎಷ್ಟು ಶಕ್ತಿ ಸಾಕು ಹೊತ್ತಿಸೋಕೆ? ಮೀಥೇನ್‌ಗೆ ಸುಮಾರು 0.28 ಮಿಲಿಜೂಲ್, ಹೈಡ್ರೋಜನ್‌ಗೆ 0.02. ನಿಮ್ಮ ಬ್ರೆಡ್‌ಬೋರ್ಡಿನ ಮೇಲಿರುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್ 5 ವೋಲ್ಟಿನಲ್ಲಿ 1.25 ಮಿಲಿಜೂಲ್ ಇಟ್ಕೊಂಡಿರುತ್ತೆ. ಅಷ್ಟೂ ಕಿಡಿಯಾಗಿ ಬರೋದಿಲ್ಲ, ಆದರೂ ಅಳತೆ ತಿಳೀತಲ್ಲ.

ಜೋನ್ 0ಗೆ ಬೇಕಾದ್ದು ಎಕ್ಸ್ ಐಎ. ಎರಡು ದೋಷ ಒಟ್ಟಿಗೆ ಬಂದರೂ ಸುರಕ್ಷಿತವಾಗಿರಬೇಕು. ಟ್ರಾನ್ಸ್‌ಮಿಟರ್ ಒಂದೇ ಕೊಂಡರೆ ಆಗೋದಿಲ್ಲ, ಕಂಟ್ರೋಲ್ ರೂಮಿನಲ್ಲಿ ಬ್ಯಾರಿಯರ್ ಬೇಕು, ಎರಡೂ ಹೊಂದಬೇಕು, ಕೇಬಲ್ ಕೂಡ ಲೆಕ್ಕಕ್ಕೆ ಬರುತ್ತೆ. ಬಳಕೆಯಲ್ಲಿರುವ ಬ್ಯಾರಿಯರ್ ಒಂದು 28 ವೋಲ್ಟ್, 300 ಓಮ್. ಗರಿಷ್ಠ ಕರೆಂಟ್ 93 ಮಿಲಿಆಂಪ್, ಪವರ್ ಸುಮಾರು 0.65 ವಾಟ್. ಟ್ರಾನ್ಸ್‌ಮಿಟರ್ ತಡ್ಕೊಳ್ಳುವ ಮಿತಿ 30 ವೋಲ್ಟ್, 100 ಮಿಲಿಆಂಪ್, 0.75 ವಾಟ್ ಅಂತಿದ್ದರೆ ಮೂರೂ ಸರಿಹೋಯ್ತು. ಈಗ ಕೆಪಾಸಿಟನ್ಸ್. ಅದರ ಒಳಗೆ 12 ನ್ಯಾನೋಫ್ಯಾರಡ್ ಇದೆ, ಇಂಡಕ್ಟನ್ಸ್ ಇಲ್ಲ ಅಂದ್ಕೊಳ್ಳಿ. ಕೇಬಲ್ ಮೀಟರಿಗೆ 0.2 ನ್ಯಾನೋಫ್ಯಾರಡ್. 28 ವೋಲ್ಟಿಗೆ 2ಸಿ ಗ್ರೂಪಿನಲ್ಲಿ ಬಿಡೋದು 83 ನ್ಯಾನೋಫ್ಯಾರಡ್ ಮಾತ್ರ. 12 ಕಳೆದು ಭಾಗಿಸಿದರೆ 355 ಮೀಟರ್ ಕೇಬಲ್. 2ಬಿ ಗ್ರೂಪಿನಲ್ಲಿ 650 ನ್ಯಾನೋಫ್ಯಾರಡ್, ಅಂದರೆ 3 ಕಿಲೋಮೀಟರಿಗೂ ಹೆಚ್ಚು. ಟ್ಯಾಂಕ್ ಫಾರ್ಮ್ 500 ಮೀಟರ್ ದೂರ ಇದ್ದರೆ ಎಥನಾಲ್‌ಗೆ ನಡೆಯೋ ಲೂಪ್ ಹೈಡ್ರೋಜನ್‌ಗೆ ನಡೆಯೋದಿಲ್ಲ. ಇಂಡಕ್ಟನ್ಸ್ ಮಿತಿಯನ್ನೂ ಹೀಗೇ ನೋಡಬೇಕು.

ಸುರಕ್ಷತೆ ಸರಿಯಾಯ್ತು, ಲೂಪ್ ಓಡುತ್ತಾ? 24 ವೋಲ್ಟ್ ಸಪ್ಲೈ, 20 ಮಿಲಿಆಂಪ್. ಬ್ಯಾರಿಯರ್‌ನಲ್ಲಿ ಕನಿಷ್ಠ 6 ವೋಲ್ಟ್, 250 ಓಮ್ ರೆಸಿಸ್ಟರ್‌ನಲ್ಲಿ 5 ವೋಲ್ಟ್ ಹೋದರೆ ಉಳಿಯೋದು 13. ಟ್ರಾನ್ಸ್‌ಮಿಟರ್‌ಗೆ 12 ಬೇಕು ಅಂದರೆ ಉದ್ದ ಕೇಬಲ್ ಉಳಿದದ್ದನ್ನೂ ತಿಂದುಹಾಕುತ್ತೆ. ಝೀನರ್ ಬ್ಯಾರಿಯರ್‌ಗೆ ಒಳ್ಳೆ ಅರ್ಥಿಂಗ್ ಬೇರೆ ಬೇಕು. ಇಂಥ ಕಡೆ ದುಡ್ಡು ಸ್ವಲ್ಪ ಹೆಚ್ಚಾದರೂ ಐಸೊಲೇಟರ್ ಹಾಕೋದೇ ವಾಸಿ ಅಂತ ನನ್ನ ಅಭಿಪ್ರಾಯ. ಅದನ್ನ ಆರಿಸಿದರೆ ಅದರ ಅಂಕಿಗಳಿಂದ ಇಡೀ ಲೆಕ್ಕ ಮತ್ತೆ ಮಾಡಿ.

ಕೊನೆಗೆ ಕಾಗದಪತ್ರ. ಯುರೋಪಿನ ಅಟೆಕ್ಸ್ ಗುರುತು ಇದೆ ಅಂತ ಮಾರಾಟಗಾರರು ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಪೆಟ್ರೋಲಿಯಂ ನಿಯಮಗಳಡಿ ಬರುವ ಜಾಗಕ್ಕೆ ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ಪೆಸೊ ಸಂಸ್ಥೆಯ ಅನುಮೋದನೆ ಬೇಕು. ಪ್ರಮಾಣಪತ್ರದ ಸಂಖ್ಯೆಯ ತುದಿಯಲ್ಲಿ ‘ಎಕ್ಸ್’ ಅಕ್ಷರ ಇದೆಯಾ ನೋಡಿ. ಇದ್ದರೆ ವಿಶೇಷ ಷರತ್ತುಗಳಿವೆ ಅಂತ ಅರ್ಥ, ಅವು ಪ್ರಮಾಣಪತ್ರದ ಒಳಪುಟಗಳಲ್ಲಿರುತ್ತವೆ. ಪ್ಲಾಸ್ಟಿಕ್ ಮುಚ್ಚಳವನ್ನು ಒಣಬಟ್ಟೆಯಲ್ಲಿ ಒರೆಸಬಾರದು, ಸ್ಥಿರವಿದ್ಯುತ್ ಕಿಡಿ ಬರಬಹುದು ಅನ್ನೋದು ಅಂಥ ಒಂದು ಸಾಮಾನ್ಯ ಷರತ್ತು. ಅದನ್ನ ಟ್ಯಾಂಕ್ ಹತ್ತಿ ಧೂಳು ಒರೆಸೋ ಹೆಲ್ಪರ್‌ಗೆ ಕನ್ನಡದಲ್ಲಿ ಬರೆದು ಟ್ಯಾಗ್ ಮಾಡಿ ತೂಗುಹಾಕೋ ಕೆಲಸವೂ ಆರಿಸಿದವರದ್ದೇ.