ಬೇಸಾಯದ ಕಬ್ಬಿಣದ ಮುಟ್ಟುಗಳನ್ನು ತುಕ್ಕಿನಿಂದ ಕಾಪಾಡುವ ಕ್ರಮ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರ್, ಎಂದರೆ 24 ಅಂಗುಲದಷ್ಟು ಮಾತ್ರ. ಇಂಥ ಒಣ ಸೀಮೆಯಲ್ಲಿ ಕಬ್ಬಿಣವು ಮಲೆನಾಡಿನಲ್ಲಿ ಕೆಡುವಂತೆ ಕೆಡಲಾರದೆಂಬುದು ರೈತರ ಸಾಮಾನ್ಯವಾದ ಎಣಿಕೆ. ಆದರೆ ಮುಂಗಾರಿನ ಕೆಲಸ ತೀರಿದೊಡನೆ ಹಸಿಮಣ್ಣು ಮೆತ್ತಿದಂತೆಯೇ ಗೋಡೆಗೆ ಒರಗಿಸಿಟ್ಟ ನೇಗಿಲನ್ನು ಹಿಂಗಾರಿಗೆ ಹೊರತೆಗೆದಾಗ ಅದರ ಮೈಯೆಲ್ಲ ಕೆಂಪಾಗಿರುವುದನ್ನು ಕಾಣದ ರೈತನು ವಿರಳ. ಇದರಿಂದಾಗುವ ನಷ್ಟವು ಕಬ್ಬಿಣದ ಬೆಲೆಯಷ್ಟೇ ಅಲ್ಲ. ಎರೆಮಣ್ಣು ಸ್ವಭಾವತಃ ಅಂಟುಳ್ಳದ್ದು. ನೇಗಿಲಿನ ರೆಕ್ಕೆಯು ಕನ್ನಡಿಯಂತೆ ನಯವಾಗಿದ್ದರೆ ಮಣ್ಣು ಅದರ ಮೇಲೆ ಜಾರಿ ಮಗುಚಿ ಬೀಳುವುದು. ತುಕ್ಕು ಹಿಡಿದು ಒರಟಾದರೆ ಮಣ್ಣು ಅಲ್ಲಿಯೇ ಕಚ್ಚಿಕೊಂಡು, ಮಣ್ಣಿನ ಮೇಲೆ ಮಣ್ಣು ಉಜ್ಜುವಂತಾಗುವುದು. ಆಗ ಎತ್ತುಗಳು ಹೆಚ್ಚು ಜಗ್ಗಬೇಕು. ಟ್ರ್ಯಾಕ್ಟರ್ ಆದರೆ ಹೆಚ್ಚು ಎಣ್ಣೆ ಕುಡಿಯುವುದು. ಹದ ಆರಿಹೋಗುವ ದಿನಗಳಲ್ಲಿ ಬಿತ್ತನೆ ತಡವಾಗುವುದೇ ಎಲ್ಲಕ್ಕಿಂತ ದೊಡ್ಡ ನಷ್ಟ.

ಹಿಂದೆ ಮರದ ನೇಗಿಲಿನಲ್ಲಿ ಕುಳವೊಂದೇ ಕಬ್ಬಿಣದ್ದಾಗಿತ್ತು. ಅದು ಸವೆದರೆ ಕಮ್ಮಾರನು ತಟ್ಟಿ ಕೊಡುತ್ತಿದ್ದನು. ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ ಸಂಸ್ಥಾನದಲ್ಲಿ ಸ್ಥಾಪಿಸಿದ ಕಾರ್ಖಾನೆಯಂಥವುಗಳಿಂದ ಕಬ್ಬಿಣದ ನೇಗಿಲುಗಳು ಎರೆಭೂಮಿಗಳಿಗೆ ಬಂದ ಮೇಲೆ ಮುಟ್ಟಿನ ಇಡೀ ಮೈ ತುಕ್ಕಿಗೆ ಒಳಗಾಗತಕ್ಕದ್ದಾಯಿತು. ಈಗಿನ ಬಿತ್ತುವ ಯಂತ್ರ, ಪಲ್ಟಿ ನೇಗಿಲುಗಳ ವಿಷಯದಲ್ಲಂತೂ ಹೇಳಬೇಕಾದುದೇ ಇಲ್ಲ. ಆದಕಾರಣ ತುಕ್ಕಿನ ಸ್ವರೂಪವನ್ನೂ ಅದರ ನಿವಾರಣೆಯನ್ನೂ ಪ್ರತಿಯೊಬ್ಬ ಹಿಡುವಳಿದಾರನು ತಿಳಿದಿರುವುದು ಅವಶ್ಯ.

ತುಕ್ಕೆಂದರೇನು

ಗಾಳಿಯಲ್ಲಿರುವ ಆಮ್ಲಜನಕವೂ ನೀರೂ ಕೂಡಿ ಕಬ್ಬಿಣದೊಡನೆ ಬೆರೆತಾಗ ಆಗುವ ಕೆಂಪು ಪುಡಿಯೇ ತುಕ್ಕು. ಇದನ್ನು ಜಂಗು ಎಂದೂ ಕರೆಯುವರು. ಕಪ್ಪತಗುಡ್ಡದ ಕಬ್ಬಿಣದ ಅದಿರೂ, ಮಸಾರಿ ನೆಲದ ಕೆಂಪು ಬಣ್ಣವೂ ಇದೇ ಜಾತಿಯ ವಸ್ತುಗಳಿಂದಾದವು. ಅದಿರನ್ನು ಕಾಯಿಸಿ ಮನುಷ್ಯನು ಕಬ್ಬಿಣ ಮಾಡಿದನು. ಗಾಳಿ ನೀರುಗಳು ಅದನ್ನು ಮತ್ತೆ ಮಣ್ಣಾಗಿಸುತ್ತವೆ. ತುಕ್ಕು ಸಡಿಲವಾದ ಹಾಗೂ ಸಣ್ಣ ರಂಧ್ರಗಳುಳ್ಳ ಪದಾರ್ಥವಾದುದರಿಂದ ತೇವವನ್ನು ಹಿಡಿದಿಟ್ಟು ಒಳಗಿನ ಕಬ್ಬಿಣವನ್ನೂ ತಿನ್ನುತ್ತ ಹೋಗುವುದು. ಮಳೆ ಬೀಳದಿದ್ದರೂ ಗಾಳಿಯ ತೇವವು ನೂರಕ್ಕೆ 60ನ್ನು ಮೀರಿದರೆ ಬರಿಯ ಕಬ್ಬಿಣವು ಕೆಡತೊಡಗುವುದು, ಇಬ್ಬನಿಯೊಂದೇ ಸಾಕು. ಉಪ್ಪು, ರಸಗೊಬ್ಬರ, ದನದ ಗಂಜಳ ಇವುಗಳ ಸೋಂಕಿದ್ದರೆ ಇನ್ನೂ ಕಡಿಮೆ ತೇವದಲ್ಲಿಯೇ ತುಕ್ಕು ಬೇಗನೆ ಹತ್ತುವುದು. ಇದರಿಂದ ದನದ ಕೊಟ್ಟಿಗೆಯಲ್ಲಾಗಲಿ ಗೊಬ್ಬರದ ಚೀಲಗಳ ಪಕ್ಕದಲ್ಲಾಗಲಿ ಮುಟ್ಟುಗಳನ್ನು ಇಡಕೂಡದೆಂಬುದು ಸ್ಪಷ್ಟ.

ಮೊದಲು ಶುದ್ಧಿ, ಅನಂತರ ಲೇಪ

ಎಷ್ಟು ಬೆಲೆಯ ಲೇಪವಾದರೂ ಮಣ್ಣಿನ ಮೇಲೆ ಅಥವಾ ತೇವದ ಮೇಲೆ ಹಚ್ಚಿದರೆ ನಿಷ್ಫಲ. ಒಳಗೆ ಸಿಕ್ಕಿದ ನೀರು ಕಬ್ಬಿಣವನ್ನು ಮರೆಯಲ್ಲಿಯೇ ತಿನ್ನುವುದು. ಮುಟ್ಟನ್ನು ಹೊಲದಿಂದ ತಂದ ದಿನವೇ ಮರದ ಚಕ್ಕೆಯಿಂದ ಮಣ್ಣನ್ನು ಕೆರೆದು, ಸಿಹಿನೀರಿನಿಂದ ತೊಳೆದು, ಬಿಸಿಲಿನಲ್ಲಿ ಪೂರ್ಣವಾಗಿ ಒಣಗಿಸಬೇಕು. ಹತ್ತಿದ ತುಕ್ಕನ್ನು ತಂತಿಯ ಕುಂಚದಿಂದಲಾಗಲಿ ಉಸುಕು ಕಾಗದದಿಂದಲಾಗಲಿ ಉಜ್ಜಿ ತೆಗೆಯಬೇಕು. ಸೀಮೆಎಣ್ಣೆಯು ಜಿಡ್ಡನ್ನು ತೊಳೆಯುವುದಕ್ಕೆ ಯೋಗ್ಯ. ಆದರೆ ಅದು ಬಹುಮಟ್ಟಿಗೆ ಆರಿಹೋಗುವುದರಿಂದ ಅದೊಂದನ್ನೇ ರಕ್ಷಣೆಯೆಂದು ನಂಬಬಾರದು.

ಯಾವ ಭಾಗಕ್ಕೆ ಯಾವ ಲೇಪ

ಎಲ್ಲಾ ಭಾಗಗಳಿಗೂ ಒಂದೇ ಎಣ್ಣೆಯನ್ನು ಬಳಿಯುವುದೇ ಸಾಮಾನ್ಯವಾಗಿ ಆಗುವ ತಪ್ಪು. ಮುಟ್ಟಿನ ಭಾಗಗಳನ್ನು ಮೂರು ವಿಧವಾಗಿ ವಿಂಗಡಿಸತಕ್ಕದ್ದು.

1. ಮಣ್ಣನ್ನು ಕೊರೆಯುವ ಭಾಗಗಳು: ಕುಳ, ನೇಗಿಲಿನ ರೆಕ್ಕೆ, ಕುಂಟೆಯ ಅಲಗು, ಸಲಿಕೆ, ಗುದ್ದಲಿ ಮುಂತಾದವು. ಇವುಗಳಿಗೆ ಬಣ್ಣ ಹಚ್ಚಿ ಪ್ರಯೋಜನವಿಲ್ಲ. ಮೊದಲನೆಯ ಸಾಲಿನಲ್ಲಿಯೇ ಅದು ಉಜ್ಜಿಹೋಗುವುದು. ಇಲ್ಲಿ ಬೇಕಾದುದು ಒಣಗದೆ, ಹರಿದುಹೋಗದೆ ತಿಂಗಳುಗಟ್ಟಲೆ ನಿಲ್ಲುವ, ಬೇಕಾದಾಗ ಒರೆಸಿ ತೆಗೆಯಬಹುದಾದ ದಪ್ಪ ಜಿಡ್ಡು. ವ್ಯಾಸಲೀನಿನಂಥ ಖನಿಜ ಜಿಡ್ಡು ನಾಲ್ಕು ಪಾಲು, ಜೇನುಮೇಣ ಒಂದು ಪಾಲು ತೆಗೆದುಕೊಂಡು, ಕುದಿಯುವ ನೀರಿನಲ್ಲಿಟ್ಟ ಪಾತ್ರೆಯಲ್ಲಿ ಕರಗಿಸಿ ಕಲಸಿದರೆ ಇಂಥ ಲೇಪವಾಗುವುದು. ಪಾತ್ರೆಯನ್ನು ನೇರವಾಗಿ ಉರಿಯ ಮೇಲೆ ಇಡಕೂಡದು. ಕುರಿಯ ಮೈಮೇಲೆ ಬಿದ್ದ ಮಳೆಯನ್ನು ಚರ್ಮಕ್ಕೆ ಇಳಿಯಗೊಡದ ಉಣ್ಣೆಯ ಜಿಡ್ಡು ಕಬ್ಬಿಣಕ್ಕೂ ಬಲವಾಗಿ ಅಂಟಿ ನೀರನ್ನು ದೂರವಿಡುವುದು. ಶುದ್ಧಿ ಮಾಡಿದ ಈ ಜಿಡ್ಡು ಲ್ಯಾನೋಲಿನ್ ಎಂಬ ಹೆಸರಿನಿಂದ ಮಾರಾಟವಾಗುತ್ತದೆ. ಲೇಪವು ತೆಳ್ಳಗಿದ್ದರೂ ಎಲ್ಲಿಯೂ ಬರಿಯ ಕಬ್ಬಿಣ ಕಾಣದಂತೆ ಇರಬೇಕು. ಮೇವು ಕೊಯ್ಯುವ ಕುಡುಗೋಲಿಗೂ ಅಡಿಗೆಯ ಈಳಿಗೆಗೂ ಮಾತ್ರ ಈ ಜಿಡ್ಡುಗಳು ಬೇಡ. ತಿನ್ನುವ ಎಣ್ಣೆಯನ್ನೇ ತೆಳ್ಳಗೆ ಸವರಿ ಆಗಾಗ ಒರೆಸಿ ಹೊಸದಾಗಿ ಹಚ್ಚಬೇಕು.

2. ಉಜ್ಜಾಟಕ್ಕೆ ಒಳಗಾಗದ ಭಾಗಗಳು: ಚೌಕಟ್ಟು, ಹಿಡಿ, ಬಿತ್ತುವ ಯಂತ್ರದ ಪೆಟ್ಟಿಗೆಯ ಹೊರಮೈ ಮುಂತಾದವು. ಇವುಗಳಿಗೆ ಗಟ್ಟಿಯಾದ ಬಣ್ಣವೇ ಯೋಗ್ಯ. ಎಣ್ಣೆಗಳಲ್ಲಿ ಒಣಗುವವು, ಒಣಗದವು ಎಂದು ಎರಡು ಜಾತಿ. ಇಲ್ಲಿಯ ಎರೆಹೊಲಗಳಲ್ಲಿ ಬೆಳೆಯುವ ಅಗಸಿಯ ಎಣ್ಣೆಯು ಗಾಳಿಯಲ್ಲಿ ಒಣಗಿ ಗಟ್ಟಿಯಾದ ಪೊರೆಯಾಗುವುದು. ಕುಸುಬಿ ಎಣ್ಣೆಗೂ ಈ ಗುಣವುಂಟು, ಆದರೆ ನಿಧಾನ. ಶೇಂಗಾ ಎಣ್ಣೆ, ಔಡಲೆಣ್ಣೆಗಳು ಹೀಗೆ ಒಣಗುವುದಿಲ್ಲ. ಅಗಸಿ ಎಣ್ಣೆಯ ಬರಿಯ ಪೊರೆಯು ಮರಕ್ಕೆ ಸಾಕಾದರೂ ಕಬ್ಬಿಣಕ್ಕೆ ಸಾಲದು, ಏಕೆಂದರೆ ತೇವವು ಅದರ ಮೂಲಕ ಮೆಲ್ಲಗೆ ಒಳನುಗ್ಗುವುದು. ಆದುದರಿಂದ ಮೊದಲು ರೆಡ್ ಆಕ್ಸೈಡ್ ಎಂಬ ಕೆಂಪು ಅಡಿಬಣ್ಣವನ್ನು ಹಚ್ಚಿ, ಅದು ಪೂರ್ಣವಾಗಿ ಒಣಗಿದ ಮೇಲೆ ಎನಾಮಲ್ ಬಣ್ಣವನ್ನು ಎರಡು ಸಾರಿ ಕೊಡುವುದು ಉತ್ತಮ. ಹಿಂದೆ ಅಡಿಬಣ್ಣಕ್ಕೆ ಸೀಸದ ಸಿಂಧೂರವನ್ನು ಬಳಸುತ್ತಿದ್ದರು. ಅದು ವಿಷಪದಾರ್ಥವಾದುದರಿಂದ ಈಗ ಅದನ್ನು ವರ್ಜಿಸಬೇಕು. ಹಳೆಯ ಮುಟ್ಟುಗಳ ಸಿಂಧೂರದ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸುವುದೂ ಅಪಾಯಕರ.

3. ತಿರುಗುವ ಭಾಗಗಳು: ಗಾಲಿಯ ಅಚ್ಚು, ಬೇರಿಂಗು, ಸರಪಳಿ, ತಿರುಪುಗಳು. ಚಕ್ಕಡಿಯ ಅಚ್ಚಿಗೆ ಹಿರಿಯರು ಔಡಲೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿದ ಕೀಲೆಣ್ಣೆಯನ್ನು ಹಾಕುತ್ತಿದ್ದರು. ಈಗಿನ ಗ್ರೀಸ್ ಎಂಬುದು ಸಾಬೂನಿನ ಜಾಲದಲ್ಲಿ ಹಿಡಿದಿಟ್ಟ ಎಣ್ಣೆಯೇ. ಆ ಸಾಬೂನು ಸೋಡಿಯಂ ಜಾತಿಯದಾದರೆ ನೀರಿನಲ್ಲಿ ತೊಳೆದುಹೋಗುವುದು. ಕ್ಯಾಲ್ಸಿಯಂ ಅಥವಾ ಲಿಥಿಯಂ ಜಾತಿಯದು ನೀರನ್ನು ತಡೆಯುವುದು. ಕೊಳ್ಳುವಾಗ ಡಬ್ಬಿಯ ಮೇಲಿನ ಬರಹವನ್ನು ಓದಿಸಿ ನೋಡಬೇಕು. ಬೀಜವೂ ಗೊಬ್ಬರವೂ ಇಳಿಯುವ ಕೊಳವೆಗಳ ಒಳಗೆ ಮಾತ್ರ ಗ್ರೀಸ್ ತಗಲಕೂಡದು. ಬೀಜ ಅಂಟಿ ಸಾಲು ತಪ್ಪುವುದು.

ವರ್ಜಿಸತಕ್ಕವು

ಯಂತ್ರದಿಂದ ಇಳಿಸಿದ ಹಳೆಯ ಕರಿಎಣ್ಣೆಯು ಪುಕ್ಕಟೆಯಾಗಿ ಸಿಕ್ಕುವುದೆಂದು ಅನೇಕರು ಅದನ್ನೇ ಬಳಿಯುವರು. ಅದರಲ್ಲಿ ಉರಿತದಿಂದುಂಟಾದ ಆಮ್ಲಗಳೂ ಲೋಹದ ಕಣಗಳೂ ಸೇರಿರುವುದರಿಂದ ಅದು ಕಬ್ಬಿಣಕ್ಕೆ ಒಳ್ಳೆಯದಲ್ಲ; ಪದೇ ಪದೇ ಚರ್ಮಕ್ಕೆ ತಾಗುವುದು ಆರೋಗ್ಯಕ್ಕೂ, ನೆಲಕ್ಕೆ ಸೋರುವುದು ಬಾವಿಯ ನೀರಿಗೂ ಹಾನಿ. ತಿನ್ನುವ ಎಣ್ಣೆಯನ್ನು ಬಹುಕಾಲ ಬಿಟ್ಟರೆ ಅದು ಹಳಸಿ ಹುಳಿಯಾಗುವುದು. ಉಪ್ಪು ಸೇರಿದ ಬೆಣ್ಣೆ ತುಪ್ಪಗಳಂತೂ ಕೂಡವೇ ಕೂಡದು. ಲೇಪ ಹಚ್ಚಿದ ಮುಟ್ಟನ್ನು ತೇವವಾದ ಗೋಣಿತಾಟಿನಲ್ಲಿ ಸುತ್ತಬಾರದು. ಸತುವಿನ ಲೇಪವಿರುವ ತಗಡು, ಬಕೀಟು, ಕೊಳವೆಗಳನ್ನು ತಂತಿಯ ಕುಂಚದಿಂದ ಉಜ್ಜಕೂಡದು. ಸತುವು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುವುದರಿಂದ ಆ ಪೊರೆಯೇ ಅದರ ಕಾವಲು.

ವಿಶೇಷ ಎಚ್ಚರಿಕೆ

ಅಗಸಿ ಎಣ್ಣೆಯು ಒಣಗುವಾಗ ಶಾಖವನ್ನು ಹೊರಗೆಡಹುವುದು. ಎಣ್ಣೆ ಒರೆಸಿದ ಅರಿವೆ ಅಥವಾ ಹತ್ತಿಯ ಚಿಂದಿಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಆ ಶಾಖವು ಹೊರಹೋಗದೆ ಕೂಡಿಕೊಂಡು, ಯಾರೂ ಬೆಂಕಿ ತಗಲಿಸದೆ ಇದ್ದರೂ ಅದು ಹೊತ್ತಿಕೊಳ್ಳಬಹುದು. ಅರಳೆಯ ಕೋಣೆಗಳೂ ಮೇವಿನ ಬಣವೆಗಳೂ ಮನೆಗೆ ಹತ್ತಿಕೊಂಡಿರುವ ಈ ಸೀಮೆಯಲ್ಲಿ ಇದು ಬಹು ದೊಡ್ಡ ಅಪಾಯ. ಇಂಥ ಚಿಂದಿಗಳನ್ನು ಬಯಲಿನಲ್ಲಿ ಬಿಡಿಸಿ ಹರವಿ ಪೂರ್ಣವಾಗಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಕಾಲಕ್ರಮ

ಮುಂಗಾರು ಬಿತ್ತನೆ ಮುಗಿದೊಡನೆ ಒಮ್ಮೆ, ಹಿಂಗಾರು ಬಿತ್ತನೆ ತೀರಿದ ಮೇಲೆ ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಾರಿಯಾದರೂ ಜಿಡ್ಡಿನ ಲೇಪವಾಗಬೇಕು. ಬಣ್ಣದ ಕೆಲಸಕ್ಕೆ ಬೇಸಿಗೆಯ ಒಣ ದಿನಗಳೇ ತಕ್ಕವು. ಮಹಾನವಮಿಯ ಆಯುಧಪೂಜೆಗೆ ಎಲ್ಲರೂ ಮುಟ್ಟುಗಳನ್ನು ತೊಳೆದು ಪೂಜಿಸುವರು. ಆ ತೊಳೆದ ನೀರು ಸಂದಿಗಳಲ್ಲಿಯೇ ನಿಂತರೆ ಪೂಜೆಯ ಮರುದಿನವೇ ತುಕ್ಕು ಆರಂಭವಾಗುವುದು. ತೊಳೆದೊಡನೆ ಒರೆಸಿ ಒಣಗಿಸಿ, ಪೂಜೆ ಮುಗಿದ ಸಂಜೆಯೇ ಜಿಡ್ಡು ಸವರುವ ರೂಢಿಯನ್ನು ಮನೆಮನೆಯಲ್ಲಿ ತಂದರೆ ಮುಟ್ಟಿನ ಪೂಜೆಯು ಮುಟ್ಟಿನ ರಕ್ಷಣೆಯೂ ಆಗುವುದು. ಮುಟ್ಟುಗಳನ್ನು ನೆಲಕ್ಕೆ ತಾಗದಂತೆ ಕಲ್ಲು ಅಥವಾ ಹಲಗೆಯ ಮೇಲೆ, ಸೂರಿನ ಕೆಳಗೆ, ಗಾಳಿಯಾಡುವ ಸ್ಥಳದಲ್ಲಿ ಇಡಬೇಕು.

ಗ್ರಾಮದ ಮುಖಂಡರು ಮಾಡತಕ್ಕ ಕಾರ್ಯ

ಒಬ್ಬೊಬ್ಬ ರೈತನೂ ಸಣ್ಣ ಡಬ್ಬಿಗಳಲ್ಲಿ ಗ್ರೀಸನ್ನೂ ಬಣ್ಣವನ್ನೂ ಕೊಂಡರೆ ಬೆಲೆ ಹೆಚ್ಚು. ಹತ್ತಾರು ಮನೆಗಳವರು ಕೂಡಿ ದೊಡ್ಡ ಡಬ್ಬಿ ತರಿಸಿದರೆ ಅದೇ ಸರಕು ಸುಲಭ ಬೆಲೆಗೆ ಬರುವುದು. ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿ ಸಹಕಾರಿ ಸಂಘವನ್ನು ಕಟ್ಟಿ, ಒಬ್ಬನಿಗೆ ಭಾರವಾದುದು ಹಲವರಿಗೆ ಹಗುರವೆಂದು ತೋರಿಸಿದ ನಾಡಿದು. ಸಾಲಕ್ಕೆ ಒಪ್ಪಿದ ಆ ನೀತಿಯು ಮುಟ್ಟುಗಳ ರಕ್ಷಣೆಗೂ ಒಪ್ಪುವುದು. ಪ್ರತಿ ಹಂಗಾಮಿನ ಕೊನೆಯಲ್ಲಿ ಒಂದು ದಿನವನ್ನು ಗೊತ್ತುಮಾಡಿ, ಊರಿನವರೆಲ್ಲರೂ ಮುಟ್ಟುಗಳನ್ನು ಒಂದೆಡೆ ತಂದು ಶುದ್ಧಿಮಾಡಿ ಲೇಪಿಸುವಂತೆ ಮುಖಂಡರು ಏರ್ಪಡಿಸುವುದು ಮೇಲು. ಹೀಗೆ ಮಾಡಿದ ಊರಿನಲ್ಲಿ ಹದವಾದ ಮಳೆ ಬಿದ್ದ ದಿನ ನೇಗಿಲು ಕಮ್ಮಾರನ ಬಾಗಿಲಲ್ಲಿ ಕಾಯುತ್ತ ನಿಲ್ಲದೆ ಹೊಲದಲ್ಲಿ ನಡೆಯುವುದು.