ಮೋಡದೊಳಗಿನ ದಿಗ್ಭ್ರಮೆ

ಮನುಷ್ಯನಿಗೆ ತನ್ನ ಇಂದ್ರಿಯಗಳಲ್ಲಿ ಬಲವಾದ ನಂಬಿಕೆ. ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಮೈಗೆ ಅನುಭವವಾದದ್ದು ಸುಳ್ಳಾಗಲಾರದೆಂದು ಅವನು ತಿಳಿಯುತ್ತಾನೆ. ನೆಲದ ಮೇಲೆ ಈ ನಂಬಿಕೆ ಅವನನ್ನು ಸಾಮಾನ್ಯವಾಗಿ ಕಾಪಾಡುತ್ತದೆ. ಆಕಾಶದಲ್ಲಿ ಅದೇ ಪ್ರಾಣಕ್ಕೆ ಎರವಾಗಬಹುದು.

2021ರ ಡಿಸೆಂಬರ್ 8ರಂದು ಭಾರತೀಯ ವಾಯುಪಡೆಯ ಹೆಲಿಕಾಪ್ಟರೊಂದು ಕೊಯಮತ್ತೂರಿನ ಬಳಿಯ ಸೂಲೂರಿನಿಂದ ನೀಲಗಿರಿಯ ವೆಲಿಂಗ್ಟನ್ನಿಗೆ ಹೊರಟಿತು. ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಬಿಪಿನ್ ರಾವತ್, ಅವರ ಪತ್ನಿ ಮಧುಲಿಕಾ ರಾವತ್ ಅವರೂ ಸೇರಿ ಅದರಲ್ಲಿ 14 ಮಂದಿ ಇದ್ದರು. ಇಳಿಯಲು ಕೆಲವೇ ನಿಮಿಷಗಳಿದ್ದಾಗ, ಕೂನೂರಿನ ಸಮೀಪದ ಗುಡ್ಡಗಾಡಿನಲ್ಲಿ ಅದು ನೆಲಕ್ಕೆ ಬಡಿದು ಹೊತ್ತಿ ಉರಿಯಿತು. 13 ಮಂದಿ ಅಂದೇ ಮಡಿದರು. ಉಳಿದೊಬ್ಬರಾದ ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗ್ ಡಿಸೆಂಬರ್ 15ರಂದು ಬೆಂಗಳೂರಿನ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಯಂತ್ರ ಕೆಟ್ಟಿತೇ? ಶತ್ರುಗಳ ಕೈವಾಡವೇ? ಊಹೆಗಳಿಗೆ ಮಿತಿಯಿರಲಿಲ್ಲ. ಏರ್ ಮಾರ್ಷಲ್ ಮಾನವೇಂದ್ರ ಸಿಂಗ್ ಅವರ ನೇತೃತ್ವದಲ್ಲಿ ಮೂರೂ ಪಡೆಗಳ ತನಿಖಾ ಸಮಿತಿ ರಚಿತವಾಯಿತು. ಸಮಿತಿಯು ಹಾರಾಟದ ವಿವರಗಳನ್ನೂ ಚಾಲಕರ ಮಾತುಗಳನ್ನೂ ದಾಖಲಿಸಿದ್ದ ಉಪಕರಣಗಳನ್ನು ಪರಿಶೀಲಿಸಿತು, ಸಾಕ್ಷಿಗಳನ್ನು ವಿಚಾರಿಸಿತು. ಅದರ ಪ್ರಾಥಮಿಕ ನಿರ್ಣಯ 2022ರ ಜನವರಿ 14ರಂದು ಪ್ರಕಟವಾಯಿತು. ಯಂತ್ರದೋಷ, ವಿಧ್ವಂಸಕ ಕೃತ್ಯ, ನಿರ್ಲಕ್ಷ್ಯ – ಈ ಮೂರೂ ಕಾರಣಗಳಲ್ಲ. ಕಣಿವೆಯ ಹವೆ ಅನಿರೀಕ್ಷಿತವಾಗಿ ಬದಲಾಗಿ ಹೆಲಿಕಾಪ್ಟರ್ ಮೋಡದೊಳಗೆ ಹೊಕ್ಕಿತು, ಚಾಲಕನಿಗೆ ದಿಗ್ಭ್ರಮೆಯಾಯಿತು, ಹತೋಟಿಯಲ್ಲಿದ್ದ ಹೆಲಿಕಾಪ್ಟರೇ ನೆಲಕ್ಕೆ ಅಪ್ಪಳಿಸಿತು.

ದಿಗ್ಭ್ರಮೆಯೆಂದರೆ ಇಲ್ಲಿ ಗಾಬರಿಯಲ್ಲ. ಮೇಲು ಕೆಳಗು, ಎಡ ಬಲಗಳ ಅರಿವು ತಪ್ಪುವುದು. ಸವದತ್ತಿಯ ಎಲ್ಲಮ್ಮನ ಜಾತ್ರೆಯಲ್ಲಿ ತಿರುಗುವ ಕುದುರೆಯಿಂದ ಇಳಿದ ಬಾಲಕನಿಗೆ ನಿಂತ ನೆಲವೇ ತಿರುಗಿದಂತೆ ತೋರುತ್ತದೆ. ಇದಕ್ಕೆ ಕಾರಣ ಒಳಗಿವಿಯಲ್ಲಿದೆ. ಅಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ. ಅದರಿಂದ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಒಂದೇ ವೇಗದಲ್ಲಿ ಸುಮಾರು 20 ಸೆಕೆಂಡು ತಿರುಗಿದರೆ ದ್ರವವೂ ಜೊತೆಗೂಡಿ, ತಿರುಗುತ್ತಿದ್ದರೂ ತಿರುಗುತ್ತಿಲ್ಲವೆನಿಸುತ್ತದೆ. ನೆಲದ ಮೇಲೆ ಕಣ್ಣು ಈ ತಪ್ಪನ್ನು ತಿದ್ದುತ್ತದೆ. ಮೋಡದಲ್ಲಿ ದಿಗಂತವೇ ಕಾಣದಿದ್ದರೆ ತಿದ್ದುವವರಾರು?

1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯ ಇದನ್ನು ಪರೀಕ್ಷಿಸಿತು. ಉಪಕರಣಗಳನ್ನು ನೋಡಿ ಹಾರುವ ತರಬೇತಿಯಿಲ್ಲದ 20 ಚಾಲಕರು, ಹೊರಗಿನ ನೋಟ ಮರೆಯಾದಾಗ, ಸರಾಸರಿ 178 ಸೆಕೆಂಡುಗಳಲ್ಲಿ ಹತೋಟಿ ಕಳೆದುಕೊಂಡರು. ಎತ್ತರದಲ್ಲಿ ಹಾರುವವನಿಗೆ ತಪ್ಪನ್ನರಿತು ಸರಿಪಡಿಸಿಕೊಳ್ಳಲು ಕೊಂಚ ಕಾಲಾವಕಾಶವಿರುತ್ತದೆ. ಗುಡ್ಡಗಳ ನಡುವೆ ತಗ್ಗಿನಲ್ಲಿ ಹಾರುವವನಿಗೆ ಅದೂ ಇಲ್ಲ.

2024ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯ ವರದಿಯು ಈ ಅಪಘಾತದ ಕಾರಣವನ್ನು ‘ಮಾನವ ದೋಷ’ವೆಂದು ನಮೂದಿಸಿತು. ಈ ಮಾತನ್ನು ನಿಂದೆಯೆಂದು ತಿಳಿಯಬಾರದು. ನಿರ್ಲಕ್ಷ್ಯ ಮನಸ್ಸಿನ ಅಪರಾಧ; ದಿಗ್ಭ್ರಮೆ ದೇಹದ ಮಿತಿ. ಮೊದಲನೆಯದಕ್ಕೆ ಶಿಕ್ಷೆಯುಂಟು, ಎರಡನೆಯದಕ್ಕೆ ಶಿಕ್ಷಣವೇ ಮದ್ದು. 1957ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಚಾಲಕರಿಗೆ ಈ ಭ್ರಮೆಯನ್ನು ನೆಲದ ಮೇಲೆಯೇ ಅನುಭವಕ್ಕೆ ತಂದು ತೋರಿಸುತ್ತಾರೆ. ಮೈ ಹೇಳುವುದನ್ನು ಬದಿಗಿಟ್ಟು ಮುಂದಿರುವ ಉಪಕರಣವನ್ನು ನಂಬುವುದು ಅಲ್ಲಿನ ಮುಖ್ಯ ಪಾಠ.

ಹಾಗೆಂದು ಯಂತ್ರವೇ ಎಲ್ಲವೂ ಅಲ್ಲ. 2020ರಲ್ಲಿ ಇದೇ ವರುಣ್ ಸಿಂಗ್ ಹಾರಿಸುತ್ತಿದ್ದ ತೇಜಸ್ ವಿಮಾನದ ನಿಯಂತ್ರಣ ವ್ಯವಸ್ಥೆ ಕೆಟ್ಟಾಗ, ಅವರು ಎದೆಗುಂದದೆ ಅದನ್ನು ಸುರಕ್ಷಿತವಾಗಿ ಇಳಿಸಿ ಶೌರ್ಯ ಚಕ್ರಕ್ಕೆ ಪಾತ್ರರಾಗಿದ್ದರು. ಅಂದು ಯಂತ್ರದ ಕೊರತೆಯನ್ನು ಮನುಷ್ಯ ತುಂಬಿದ. ಮನುಷ್ಯನ ಕೊರತೆಯನ್ನು ಯಂತ್ರ ತುಂಬಬೇಕಾದರೆ, ತನಗೂ ಕೊರತೆಯುಂಟೆಂಬುದನ್ನು ಅವನು ಮೊದಲು ಒಪ್ಪಿಕೊಳ್ಳಬೇಕು.