ಭಾರ ಎತ್ತಿದ ಮರುದಿನ



ಮೊದಲ ದಿನವೇ ನೂರು ಬಸ್ಕಿ ಹೊಡೆದವನು ಮರುದಿನ ಭದ್ರಾವತಿ ಬಸ್ಸಿನ ಮೆಟ್ಟಿಲು ಹತ್ತಲು ಪಡುವ ಪಾಡನ್ನು ನೀವು ನೋಡಿರಬಹುದು. ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆ ನೋವಿನೊಳಗೆ ನಡೆಯುವುದೇನು?

ಅಭ್ಯಾಸವಿಲ್ಲದ ಭಾರ ಬಿದ್ದಾಗ ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ಗಾಯಗಳಾಗುತ್ತವೆ. ದೇಹ ಅವನ್ನು ದುರಸ್ತಿ ಮಾಡುತ್ತದೆ. ಮುಂದಿನ ಸಲ ಅದೇ ಭಾರ ಅಷ್ಟು ನೋಯಿಸದು. ವಾರಗಟ್ಟಲೆ ಹೀಗೆ ನಡೆದರೆ ಎಳೆಗಳು ದಪ್ಪವಾಗುತ್ತವೆ. ಭಾರವೇ ಇಲ್ಲದಿದ್ದರೆ? ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳ ಮೂಳೆಗಳು ಸವೆಯತೊಡಗುತ್ತವೆ. ಅದಕ್ಕೇ ಅವರು ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ ಮಾಡುತ್ತಾರೆ.

ಸಬ್ರ್ ಎಂದರೆ ತೆಪ್ಪಗೆ ಸಹಿಸುವುದು ಎಂದು ನಮ್ಮಲ್ಲಿ ಅನೇಕರ ತಿಳುವಳಿಕೆ. ಅರಬಿಯಲ್ಲಿ ಆ ಪದದ ಮೂಲಕ್ಕೆ ತಡೆದು ಹಿಡಿಯುವುದು ಎಂಬ ಅರ್ಥವಿದೆ. ತೂಕ ಎತ್ತಿ ನಿಂತವನು ಅಲ್ಲಾಡುವುದಿಲ್ಲ, ಆದರೆ ಅವನ ಮೈಯೆಲ್ಲ ದುಡಿಯುತ್ತಿರುತ್ತದೆ. ನಿಜವಾದ ಬಲಶಾಲಿ ಯಾರೆಂದು ಹೇಳಲು ಪ್ರವಾದಿಯವರು (ಸ) ಕುಸ್ತಿಯನ್ನೇ ಉದಾಹರಿಸಿ, ಎದುರಾಳಿಯನ್ನು ಕೆಡವಿದವನನ್ನಲ್ಲ, ಸಿಟ್ಟಿನಲ್ಲಿ ತನ್ನನ್ನು ಹಿಡಿದುಕೊಂಡವನನ್ನು ತೋರಿಸಿದರು.

ಬೆಂಗಳೂರಿನ ಮಾಲತಿ ಕೃಷ್ಣಮೂರ್ತಿ ಹೊಳ್ಳ ಅವರು ಮಗುವಾಗಿದ್ದಾಗಲೇ ಪಾರ್ಶ್ವವಾಯುವಿಗೆ ತುತ್ತಾದರು. ದೀರ್ಘ ಚಿಕಿತ್ಸೆಯ ನಂತರ ದೇಹದ ಮೇಲ್ಭಾಗಕ್ಕೆ ಬಲ ಬಂತು, ಕಾಲಿಗೆ ಬರಲಿಲ್ಲ. ಬಂದಷ್ಟು ಬಲದಲ್ಲೇ ಗಾಲಿಕುರ್ಚಿಯಲ್ಲಿ ಕುಳಿತು ಶಾಟ್‌ಪುಟ್, ಜಾವೆಲಿನ್ ಎಸೆದರು. 2001ರಲ್ಲಿ ಪದ್ಮಶ್ರೀ ಬಂತು. ಪದಕಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅಂಗವಿಕಲ ಮಕ್ಕಳ ಆಶ್ರಯಕ್ಕಾಗಿ ಅವರು ಕಟ್ಟಿದ ಮಾತೃ ಫೌಂಡೇಶನ್.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗರಡಿಯ ಉಸ್ತಾದರು ಹೊಸ ಹುಡುಗನ ಕೈಗೆ ದೊಡ್ಡ ಗದೆ ಕೊಡುವುದಿಲ್ಲ. ಅಪ್ಪನನ್ನು ಕಳೆದುಕೊಂಡ ಸಹಪಾಠಿಯ ಬಳಿ ಹೋಗಿ ‘ಕಷ್ಟ ಬಂದರೆ ಗಟ್ಟಿಯಾಗುತ್ತೀಯ’ ಎನ್ನಬೇಡಿ. ಅಲ್ಲಾಹನು ಯಾರ ಮೇಲೂ ಶಕ್ತಿ ಮೀರಿದ ಹೊರೆ ಹೊರಿಸುವುದಿಲ್ಲ ಎಂಬ ಕುರ್‌ಆನಿನ ಮಾತು ಅಲ್ ಬಕರ ಅಧ್ಯಾಯದ ಕೊನೆಯಲ್ಲಿದೆ. ಅದನ್ನು ನೆಪ ಮಾಡಿಕೊಂಡು ಇನ್ನೊಬ್ಬರ ಹೊರೆ ಅಳೆಯಲು ನಾವು ಯಾರು? ಸ್ನಾಯು ಬೆಳೆಯುವುದು ಭಾರ ಎತ್ತುವ ಗಳಿಗೆಯಲ್ಲೂ ಅಲ್ಲ. ಉಂಡು, ಮಲಗಿ, ಸುಧಾರಿಸಿಕೊಳ್ಳುವಾಗ.

ಆದ್ದರಿಂದ ಪಿಯು ಪರೀಕ್ಷೆ-1ರಲ್ಲಿ ಬಿದ್ದವರು ಮೊದಲು ಎರಡು ರಾತ್ರಿ ನಿಶ್ಚಿಂತೆಯಿಂದ ಮಲಗಿ. ಆಮೇಲೆ ಪರೀಕ್ಷೆ-2ಕ್ಕೆ ದಿನಕ್ಕೊಂದೇ ಪಾಠದಿಂದ ಶುರು ಮಾಡಿ. ಪಾಸಾದ ಗೆಳೆಯರೇ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ಮಲಗಿ ತೂಕ ಎತ್ತುವವನ ತಲೆಯ ಬಳಿ ಒಬ್ಬ ನಿಂತಿರುತ್ತಾನಲ್ಲ, ಕಂಬಿಯನ್ನು ಮುಟ್ಟದೆ, ಆದರೆ ಅದರ ಕೆಳಗೇ ಕೈ ಹಿಡಿದುಕೊಂಡು, ಹಾಗೆ.